ಮಹಡಿ ಏರಿದ ಪಾರಿಜಾತ

ಮನೆಯ ಫೋಟೊ, ವಿಡಿಯೊ, ಹಾಡು, ಕಾಗದಪತ್ರವನ್ನೆಲ್ಲ ಒಂದೇ ಕಡೆ ಇಟ್ಟು, ಮನೆಮಂದಿ ತಮ್ಮ ತಮ್ಮ ಮೊಬೈಲಿನಲ್ಲೇ ತೆಗೆದು ನೋಡುವಂಥ ಸ್ಟೋರೇಜ್ ಸರ್ವರ್ ಕಟ್ಟಲು ಹೊರಟವರಿಗೆ ಬಲ್ಲವರು ಮೊದಲು ಕೇಳುವುದು ‘ಪ್ರೊಸೆಸರ್ ಯಾವುದು?’ ಅಂತ. ಬೆಂಗಳೂರಿನಲ್ಲಿ ಅದು ಸರಿಯಿದ್ದೀತು. ಗೋಕಾಕದಲ್ಲಿ ಕೂತವನು ಮೊದಲು ಕೇಳಬೇಕಾದ್ದು ಕರೆಂಟು ಹೇಗೆ ಅಂತ, ಆಮೇಲೆ ಹೊಳೆ ಎಲ್ಲಿಯವರೆಗೆ ಬರುತ್ತದೆ ಅಂತ. ಪ್ರೊಸೆಸರನ್ನು ನಿಧಾನಕ್ಕೆ ನೋಡಿದರೂ ನಡೆಯುತ್ತದೆ.

ಇಡಬೇಕಾದ್ದು ಏನು ಎಂಬುದನ್ನು ಹೇಳಿಬಿಡುತ್ತೇನೆ. ಮೂಡಲಗಿ ತಾಲ್ಲೂಕಿನ ಕುಲಗೋಡ ಶ್ರೀಕೃಷ್ಣ ಪಾರಿಜಾತದ ಊರು. ನಮ್ಮ ಕಡೆ ಆಡುವ ಪಾರಿಜಾತಕ್ಕೆ ರೂಪ ಕೊಟ್ಟವನು ಕುಲಗೋಡದ ತಮ್ಮಣ್ಣ. ಆ ಆಟದಿಂದಲೇ ಮನೆಮಾತಾದವರಲ್ಲಿ ಅಲ್ಲೇ ಹತ್ತಿರದ ಕೌಜಲಗಿಯ ನಿಂಗಮ್ಮನ ಹೆಸರು ದೊಡ್ಡದು. ನಮ್ಮ ಹಳ್ಳಿಯೂ ಆ ಸುತ್ತಿನದೇ. ಅಪ್ಪ ಸಾಲಿ ಮಾಸ್ತರರು. ಎಂಬತ್ತರ ದಶಕದಲ್ಲಿ ಒಂದು ಟೇಪ್‌ರೆಕಾರ್ಡರ್ ಕೊಂಡು, ಜಾತ್ರೆಯ ಪಾರಿಜಾತಗಳಿಗೆಲ್ಲ ಅದನ್ನು ಹೆಗಲಿಗೆ ಹಾಕಿಕೊಂಡೇ ಹೋಗುತ್ತಿದ್ದರು. ಆಟ ಬೆಳಗಿನವರೆಗೆ, ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. ಸತ್ಯಭಾಮೆ ಮುನಿಸಿಕೊಂಡು ಕೃಷ್ಣನಿಗೆ ಜೋರು ಮಾಡುತ್ತಿರುವಾಗಲೇ ಟೇಪು ತೀರುತ್ತ ಬರುತ್ತದೆ. ‘ಮುಗೀತ್ರಿ ಮಾಸ್ತರ, ತಿರುವ್ರಿ’ ಎಂದು ಯಾರೋ ಪಿಸುಗುಡುವುದು ಕೇಳುತ್ತದೆ, ಟಕ್ ಅನ್ನುತ್ತದೆ. ಇನ್ನೊಂದು ಮಗ್ಗುಲು ಶುರುವಾಗುವಷ್ಟರಲ್ಲಿ ಕೃಷ್ಣ ಅರ್ಧ ಸಮಾಧಾನ ಮಾಡಿಬಿಟ್ಟಿರುತ್ತಾನೆ. ಅವನು ಏನಂದನೋ, ಆ ಎರಡು ಸಾಲು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.

ಒಂದು ಕ್ಯಾಸೆಟ್ಟನ್ನು ಏನೂ ಕುಗ್ಗಿಸದೆ ಕಂಪ್ಯೂಟರಿಗೆ ಇಳಿಸಿದರೆ ಸುಮಾರು 950 ಎಂಬಿ. 1956ರಲ್ಲಿ ಐಬಿಎಂ ಹೊರತಂದ ರಾಮಾಕ್ ಎಂಬ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಯಂತ್ರ ಒಂದು ಟನ್ನಿನಷ್ಟು ಭಾರ, ಹಿಡಿಯುತ್ತಿದ್ದದ್ದು ಈಗಿನ ಲೆಕ್ಕದಲ್ಲಿ 5 ಎಂಬಿಗೂ ಕಡಿಮೆ. ಅಪ್ಪನ ಪಾರಿಜಾತವನ್ನು ಅದಕ್ಕೆ ತುಂಬಿದ್ದರೆ ಅರ್ಧ ನಿಮಿಷದಲ್ಲಿ, ಗಣಪತಿಯ ಸ್ತುತಿ ಮುಗಿಯುವ ಮೊದಲೇ, ಜಾಗ ತೀರುತ್ತಿತ್ತು. ಈಗ ಇಡೀ ಟ್ರಂಕಿನ ಪಾರಿಜಾತ ಡಿಸ್ಕಿನ ಒಂದು ಮೂಲೆಗೂ ಸಾಲದು. ಜಾಗ ನುಂಗುವುದು ಮೊಬೈಲಿನ 4ಕೆ ವಿಡಿಯೊ. ಸತ್ಯಭಾಮೆಯ ಒಂದು ತಾಸಿನ ಮುನಿಸು ಹಿಡಿಯುವಷ್ಟೇ ಜಾಗವನ್ನು ಅಕ್ಕನ ಮೊಮ್ಮಗನ ಎರಡು ನಿಮಿಷದ ಕುಣಿತ ಹಿಡಿಯುತ್ತದೆ.

ಇನ್ನು ಕರೆಂಟು. ಈ ವಿಷಯದಲ್ಲಿ ನಮ್ಮ ಸೀಮೆಗೆ ಕೊಂಚ ಜಂಬ. ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ಕರೆಂಟು ತೆಗೆದರು, ಏಷ್ಯಾದಲ್ಲೇ ಮೊದಲು ಎಂದು ಜಲಪಾತ ನೋಡಲು ಬಂದ ಬೀಗರಿಗೆಲ್ಲ ಹೇಳುತ್ತೇವೆ. ದಾರ್ಜಿಲಿಂಗಿನವರು 1897ರ ಸಿದ್ರಾಪೊಂಗ್ ತೋರಿಸಲಿ, ಮಂಡ್ಯದವರು 1902ರ ಶಿವನಸಮುದ್ರ ತೋರಿಸಲಿ, ‘ಇರ್ಲಿ ಬಿಡ್ರಿ, ತಡಾ ಆತು’ ಅಂದು ನಗುತ್ತೇವೆ. 52 ಮೀಟರ್ ಧುಮುಕುವ ಘಟಪ್ರಭೆಯ ಬಲದಲ್ಲಿ ನೂಲಿನ ಗಿರಣಿ ಓಡಿದ್ದಂತೂ ಸುಳ್ಳಲ್ಲ. ಹುಕ್ಕೇರಿಯವರ ಜಂಬ ಬೇರೆ ತರಹದ್ದು. 1969ರಲ್ಲಿ ದೇಶದ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳ ಪ್ರಯೋಗ ನಡೆದಾಗ ಅವುಗಳಲ್ಲಿ ಒಂದು ಹುಕ್ಕೇರಿಯದು. ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ. ‘ನೀವು ಲೈಟಿನ ಗಿರಾಕಿಗಳು, ನಾವು ಶೇರುದಾರರು’ ಎಂದು ಮಾಮಾ ಮೀಸೆ ತಿರುವುತ್ತಾರೆ.

ಜಂಬ ಬೇರೆ, ಬಿಲ್ಲು ಬೇರೆ. ಮೂಲೆಯಲ್ಲಿ ಬಿದ್ದಿರುವ ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದರೆ ಖರ್ಚೇ ಇಲ್ಲ ಅನ್ನುವವರು ಬಹಳ. ಅದು ಸುಮ್ಮನೆ ಕೂತರೂ 60 ವ್ಯಾಟ್ ತಿನ್ನುವಂಥದ್ದಾದರೆ ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43. ಗೃಹಜ್ಯೋತಿಯ ಉಚಿತ ಯೂನಿಟ್ಟು ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತದ್ದು. ಅದರ ಮೇಲೆ ಈ 43 ಬಂದು ಕೂತರೆ ಅವ್ವ ಬಿಲ್ಲು ಹಿಡಿದುಕೊಂಡೇ ಮಹಡಿ ಹತ್ತುತ್ತಾಳೆ. ಹೀಗಾಗಿ ನಾನು ಆರಿಸಿದ್ದು 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಯಂತ್ರ. ಎರಡು ಡಿಸ್ಕು ಸೇರಿಸಿಯೂ 25 ವ್ಯಾಟಿನೊಳಗೆ ಸುಧಾರಿಸುತ್ತದೆ. ಫೈಲು ಇಟ್ಟುಕೊಡುವ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನ ಬುದ್ಧಿ ಬೇಡ.

ಪ್ರೊಸೆಸರಿನಲ್ಲಿ ಉಳಿಸಿದ ದುಡ್ಡನ್ನು ಯುಪಿಎಸ್‌ಗೆ ಹಾಕಿದೆ. ಮುಂಗಾರಿ ಗಾಳಿಗೆ ಗಿಡ ಮುರಿದು ತಂತಿಯ ಮೇಲೆ ಬಿದ್ದರೆ ಯಾರೇನು ಮಾಡಿಯಾರು? ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ. ಯುಪಿಎಸ್ ಕೊಳ್ಳುವಾಗ ಅದಕ್ಕೆ ಯುಎಸ್‌ಬಿ ಕೇಬಲ್ ಇದೆಯೋ ಇಲ್ಲವೋ ನೋಡಬೇಕು. ಬ್ಯಾಟರಿ ತೀರುತ್ತ ಬಂದಾಗ ಸರ್ವರಿಗೆ ಸುದ್ದಿ ಮುಟ್ಟಿ, ಅದು ತಾನಾಗಿ ನೆಟ್ಟಗೆ ಮಲಗುವುದು ಆ ಕೇಬಲ್ಲಿನಿಂದ.

ಡಿಸ್ಕಿನ ಬಗ್ಗೆ ಪೇಟೆಯ ಅಂಗಡಿಯ ಹುಡುಗ ಹೇಳಿದ್ದು ಒಂದೇ ಮಾತು: ‘ಸರ, ಸಿಸಿಟಿವಿದು ಐತಿ, ನಡೀತೈತಲ್ಲ?’ ನಡೆಯುತ್ತದೆ. ಅದೂ ಹಗಲುರಾತ್ರಿ ಓಡುವಂಥದ್ದೇ. ಆದರೆ ವಿಡಿಯೊ ನಿಲ್ಲದಂತೆ ಬರೆಯುತ್ತ ಹೋಗುವುದಕ್ಕೆ ಅದನ್ನು ಹದ ಮಾಡಿರುತ್ತಾರೆ. ಹಗೇವಿನ ಮೇಲಿಟ್ಟ ಕಣ್ಣಿಗೆ ಅದು ಸಾಕು, ಅಪ್ಪನ ಕ್ಯಾಸೆಟ್ಟಿಗೆ ಬೇಡವೆನಿಸಿತು. ಇನ್ನು ಅಗ್ಗದ ದೊಡ್ಡ ಡಿಸ್ಕುಗಳಲ್ಲಿ ಕೆಲವು ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲನ್ನು ಹಂಚು ಹೊದಿಸಿದ ಹಾಗೆ ಬರೆಯುತ್ತವೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕು. ಜೋಡಿಯಲ್ಲಿ ಒಂದು ಕೆಟ್ಟು ಹೊಸದನ್ನು ತುಂಬಿಸುವಾಗ ಇವು ದಿನಗಟ್ಟಲೆ ಕಾಯಿಸುತ್ತವೆ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರಪಟ್ಟಿ ಓದುವುದೇ ಮೇಲು.

ಜೋಡಿ ಡಿಸ್ಕಿನ ಯೋಚನೆಗೆ ಹೆಸರು ಬಂದದ್ದು 1988ರಲ್ಲಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ದುಬಾರಿಯ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣವನ್ನು ಗುಂಪು ಕಟ್ಟಿಸಿ ದುಡಿಸಬಹುದು ಎಂದು ಬರೆದು, ಅದನ್ನು ‘ರೇಡ್’ ಎಂದು ಕರೆದರು. ಎರಡರಲ್ಲೂ ಒಂದನ್ನೇ ಬರೆದರೆ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಆದರೆ ಯಾರೋ ಫೈಲು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ನೀರು ಹೊಕ್ಕರೆ ಎರಡೂ ಒಟ್ಟಿಗೇ ಮುಳುಗುತ್ತವೆ.

ನೀರು ಹೊಗುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಒಮ್ಮೆಲೇ ಉಕ್ಕಿ ಬಂದವು. ಲೋಳಸೂರ ಸೇತುವೆ ಮುಳುಗಿತು, ನಮ್ಮ ತಗ್ಗಿನ ಓಣಿಯಲ್ಲಿ ಕೆಳಮನೆಯ ಕಪಾಟಿನವರೆಗೆ ನೀರು ನಿಂತಿತು. ಮದುವೆ ಆಲ್ಬಮ್ಮುಗಳನ್ನು ಆಮೇಲೆ ಬಿಸಿಲಿಗೆ ಹರವಿ ಒಂದೊಂದೇ ಹಾಳೆ ಬಿಡಿಸಿದೆವು. ಪ್ಲಾಸ್ಟಿಕ್ಕಿನ ಜೊತೆ ಮುಖಗಳೂ ಕಿತ್ತುಕೊಂಡು ಬಂದವು. ಅಕ್ಕನ ಮದುವೆಯ ಅಕ್ಷತೆ ಫೋಟೊದಲ್ಲಿ ಬಾಸಿಂಗ ಉಳಿದಿದೆ, ಮದುಮಕ್ಕಳಿಲ್ಲ. ಕ್ಯಾಸೆಟ್ಟಿನ ಟ್ರಂಕು ಹಳ್ಳಿಯ ಮನೆಯಲ್ಲಿತ್ತು, ಉಳಿಯಿತು. ಹೊಳೆ ನಮ್ಮನ್ನು ಮಾತ್ರ ಕಾಡಿದ್ದಲ್ಲ. 2011ರಲ್ಲಿ ಥಾಯ್ಲೆಂಡಿನ ಮಹಾಪೂರಕ್ಕೆ ಹಾರ್ಡ್‌ಡಿಸ್ಕ್ ಕಾರ್ಖಾನೆಗಳೇ ಮುಳುಗಿ ಜಗತ್ತಿನಲ್ಲೆಲ್ಲ ಡಿಸ್ಕಿನ ಬೆಲೆ ಏರಿತ್ತು.

ಹಾಗಾಗಿ ಸರ್ವರ್ ಮಹಡಿ ಏರಿತು. ಇನ್ನೊಂದು ಪ್ರತಿ, ಇನ್ನೂ ಚಿಕ್ಕ ಯಂತ್ರ ಮತ್ತು ಒಂಟಿ ಡಿಸ್ಕಿನೊಂದಿಗೆ, ಗುಮ್ಮಟಗಳ ಊರಾದ ಹುಕ್ಕೇರಿಗೆ ಹೋಯಿತು. ಆ ಪಟ್ಟಣ ಘಟಪ್ರಭೆಯ ದಂಡೆಯಲ್ಲಿಲ್ಲ ಎಂಬುದೊಂದೇ ಅದನ್ನು ಆರಿಸಲು ಸಾಕಾದ ಕಾರಣ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ದಿನ ಹೊಸದಾಗಿ ಸೇರಿದ್ದಷ್ಟೇ ಅಲ್ಲಿಗೆ ಹೋಗುತ್ತದೆ. ಅಕ್ಕ ಟಿವಿಗೆ ಹಚ್ಚಿಕೊಂಡು ಪಾರಿಜಾತ ಕೇಳಿದಳಂತೆ. ‘ಗಿಡಾ ನಿನ್ನ ಮನ್ಯಾಗ, ಹೂವು ನನ್ನ ಅಂಗಳದಾಗ. ನಾ ರುಕ್ಮಿಣಿ ಆದೆ ನೋಡು’ ಎಂದು ಫೋನು ಮಾಡಿದಳು.

ಮಾಮಾ ಫೋನು ಇಸಿದುಕೊಂಡು ಕೇಳಿದ್ದು ಬೇರೆ: ‘ಇದರ ಕರೆಂಟ ಯಾರ ಲೆಕ್ಕಕ್ಕೋ?’ ತಿಂಗಳಿಗೆ ಒಂಬತ್ತು ಯೂನಿಟ್ ಆದೀತು ಅಂದೆ. ‘ಹಂಗಾರ ತಿಂಗಳಿಗೊಂದು ಡಬ್ಬಿ ಕರದಂಟ ಕಳಸು, ಹಿಂದಿನ ಸಲದ್ದರಾಗ ಅಂಟು ಕಡಿಮಿ ಇತ್ತು, ಅಂಗಡಿ ಬದಲಿಸು’ ಅಂದರು. ಮೊದಲ ಡಬ್ಬಿ ನಿನ್ನೆ ಬಸ್ಸಿಗೆ ಹಾಕಿದ್ದೇನೆ.