ಹಿಮ್ಮೇಳ ಕೊಡುವ ಬಿಡುವು

ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಮೇಳದಲ್ಲಿ ಮುಂದಾಳು ತಂಬೂರಿ ಹಿಡಿದು ಒಂದು ಸೊಲ್ಲು ಹೇಳುತ್ತಾನೆ. ಹಿಮ್ಮೇಳದವರು ಅದನ್ನೇ ಎತ್ತಿಕೊಂಡು ಹಾಡುತ್ತಾರೆ. ಆಗ ಬಿಡುವು ಸಿಗುವುದು ಅವನ ಬಾಯಿಗೆ ಮಾತ್ರ, ಮನಸ್ಸಿಗಲ್ಲ. ಮುಂದಿನ ಮಾತು ಅಷ್ಟರಲ್ಲೇ ಕೂಡಿಬರುತ್ತಿರುತ್ತದೆ. ರಾತ್ರಿಯಿಡೀ ನಡೆಯುವ ಕಾವ್ಯವನ್ನು ಅವನು ಪುಸ್ತಕ ನೋಡಿ ಓದುವುದಿಲ್ಲ, ಉರು ಹೊಡೆದು ಒಪ್ಪಿಸುವುದೂ ಇಲ್ಲ. ಕಥೆಯ ದಾರಿ ಗುರುಗಳಿಂದ ಬಂದದ್ದು, ಮಾತು ಮಾತ್ರ ಆ ರಾತ್ರಿಯದು.

ಬರೆಯುವವರಿಗೆ ಈ ಹಿಮ್ಮೇಳವಿಲ್ಲ. ಒಂದು ವಾಕ್ಯ ಮುಗಿದ ಮೇಲೆ ಉಳಿಯುವುದು ಖಾಲಿ ಹಾಳೆ. ಹೇಳಿದ್ದನ್ನು ಯಾರೂ ತಿರುಗಿ ಹೇಳುವುದಿಲ್ಲ. ಅದು ಸರಿಯಾಗಿ ಬಂತೋ ಇಲ್ಲವೋ ಎಂಬ ಅನುಮಾನವೇ ಮುಂದಿನ ವಾಕ್ಯಕ್ಕೆ ಅಡ್ಡ ನಿಲ್ಲುತ್ತದೆ. ಲೇಖಕರು ಆಗಾಗ ಹತ್ತು ಜನರ ನಡುವೆ ಕುಳಿತು ಹಾಡಬೇಕೆಂದು ನಾನು ನಂಬಿರುವುದು ಇದಕ್ಕಾಗಿ.

ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಶನಿವಾರ ಸಂಜೆ ಭಜನೆ ಇರುತ್ತದೆ. ಹಾರ್ಮೋನಿಯಂ, ತಾಳ, ಜಮಖಾನೆಯ ಮೇಲೆ ಎಲ್ಲ ವಯಸ್ಸಿನವರು. ಒಬ್ಬರು ಚರಣ ಹೇಳಿದರೆ ಉಳಿದವರೆಲ್ಲ ಪಲ್ಲವಿಗೆ ಕೂಡುತ್ತೇವೆ. ದಾಸರ ಪದಗಳ ಪಲ್ಲವಿ ಪ್ರತಿ ಚರಣದ ನಂತರವೂ ಮರಳಿ ಬರುತ್ತದೆ, ಆದರೆ ಮರಳಿದಾಗ ಅದರ ಅರ್ಥ ಹಿಂದಿನಷ್ಟೇ ಇರುವುದಿಲ್ಲ. ಮೊದಲ ಸಲ ಬರೀ ದೂರಿನಂತೆ ಕೇಳಿಸಿದ್ದು ಮೂರನೆಯ ಚರಣ ದಾಟಿದ ಮೇಲೆ ಸಲುಗೆಯಾಗಿರುತ್ತದೆ. ಒಂದು ಮಾತನ್ನು ಎಲ್ಲಿ ಮತ್ತೆ ಹೇಳಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಣ್ಣಿನಿಂದ ಓದಿ ನಾನು ಇಷ್ಟು ಚೆನ್ನಾಗಿ ಕಲಿಯಲಿಲ್ಲ. ಅದು ಗಂಟಲಿನಿಂದ ಬಂದ ಪಾಠ. ಬೆಳಿಗ್ಗೆ ಕಗ್ಗಂಟಾಗಿ ಬಿಟ್ಟುಹೋದ ಪ್ಯಾರಾ ಭಜನೆ ಮುಗಿಸಿ ಬಂದ ರಾತ್ರಿ ಸಲೀಸಾಗಿ ಸಾಗಿದ್ದುಂಟು.

ಇದರಲ್ಲಿ ಉಸಿರಿನ ಪಾಲೂ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಟ್ಟಿಗೆ ಹಾಡುವವರ ಉಸಿರು ಹಾಡಿನ ಸಾಲುಗಳಿಗೆ ಹೊಂದಿಕೊಂಡು, ಅದರ ಜೊತೆ ಎದೆಬಡಿತವೂ ಏಕಕಾಲಕ್ಕೆ ಏರಿಳಿಯುವುದನ್ನು ತೋರಿಸಿತು. ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ವಯಸ್ಕರ ಹಾಡಿನ ತರಗತಿಗಳನ್ನು ಕರಕುಶಲ ಮತ್ತು ಸೃಜನಶೀಲ ಬರವಣಿಗೆಯ ತರಗತಿಗಳೊಂದಿಗೆ ಏಳು ತಿಂಗಳು ಹೋಲಿಸಿ ನೋಡಿ, 2015ರಲ್ಲಿ ವರದಿ ಮಾಡಿದರು. ಕೊನೆಗೆ ಎಲ್ಲ ಗುಂಪಿನವರೂ ಪರಸ್ಪರ ಆಪ್ತರಾದರು, ಆದರೆ ಹಾಡುವವರು ಬೇಗ ಆದರು. ಬರೆಯಲು ಬಂದವರ ಸಂಕೋಚ ಕರಗಲು ಹೆಚ್ಚು ದಿನ ಹಿಡಿಯಿತು ಎಂಬುದರಲ್ಲಿ ನನಗೆ ಆಶ್ಚರ್ಯವಿಲ್ಲ. ಎಷ್ಟೋ ಸಲ ಬರವಣಿಗೆ ನಿಲ್ಲುವುದು ವಿಷಯ ಬತ್ತಿ ಅಲ್ಲ, ಕೇಳುವವರ ಭಯದಿಂದ. ಅಪರಿಚಿತರ ಪಕ್ಕದಲ್ಲಿ ಬಾಯ್ತುಂಬ ಹಾಡಿದವರಿಗೆ ಆ ಭಯ ಅಷ್ಟಷ್ಟೇ ಕಡಿಮೆಯಾಗುತ್ತದೆ.

ಇದೆಲ್ಲ ಕವಿಗಳಿಗೆ ಸರಿ, ಗದ್ಯಕ್ಕೇನು ಎಂದು ಕೇಳುವವರಿದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು ಕಾದಂಬರಿಯಾಗಿಯೇ. ಮಂಟೇಸ್ವಾಮಿ, ಮಾದಪ್ಪನ ಕಾವ್ಯಗಳು ಹಾಡಾಗಿ ಹರಿಯುವ ಸೀಮೆಯ ಕನ್ನಡ ಅದು. ಮುಂದೆ ವಿದ್ವಾಂಸ ಎಲ್. ಬಸವರಾಜು ಅದೇ ಗದ್ಯವನ್ನು ಕಾವ್ಯದ ಸಾಲುಗಳಾಗಿ ಬಿಡಿಸಿ ತೋರಿಸಿದರು. ಉಸಿರಿನ ಅಳತೆ ಒಳಗೇ ಇಲ್ಲದ ಗದ್ಯವಾಗಿದ್ದರೆ ಹಾಗೆ ಬಿಡಿಸಲು ಆಗುತ್ತಿರಲಿಲ್ಲ.

ಆದ್ದರಿಂದ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ ಭಜನೆಯೋ, ಊರಿನಲ್ಲಿ ತತ್ವಪದದ ಮೇಳವೋ, ಸೋಬಾನೆ ಹಾಡುವ ಹೆಂಗಸರ ಗುಂಪೋ ಇದ್ದರೆ ಹೋಗಿ ಕೂಡಿ. ದೂರ ನಿಂತು ಕೇಳಬೇಡಿ, ದನಿಗೂಡಿಸಿ. ಕಂಠ ಚೆನ್ನಾಗಿಲ್ಲವೆಂದು ಯಾರೂ ನಿಮ್ಮನ್ನು ಎಬ್ಬಿಸಿ ಕಳಿಸುವುದಿಲ್ಲ.