ಅಪ್ಪ ಭುಜ ತಟ್ಟಿದ ಮೇಲೆ

ಬಳ್ಳಾರಿಯಿಂದ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಬೆಳಗ್ಗೆಯೇ ಬೈಕಿನಲ್ಲಿ ಹೊರಟಿದ್ದೆವು. ಹಿಂದೆ ಅಪ್ಪ. ಒಂದೇ ಕ್ಷಣ ನನ್ನ ಕಣ್ಣು ಮುಚ್ಚಿತ್ತು. ಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಅಪ್ಪ ಜೋರಾಗಿ ಭುಜ ತಟ್ಟಿದರು. "ರಾತ್ರಿ ಎಷ್ಟೊತ್ತಿಗೆ ಮಲ್ಗಿದ್ದಿ?" ಎರಡು ಗಂಟೆಗೆ ಅಂತ ಹೇಳಲು ಬಾಯಿ ಬರಲಿಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಉಚಿತ ಎಕ್ಸ್‌ರೇ ಇಟ್ಟರೂ ಬಹಳ ಜನ ಬರುತ್ತಿರಲಿಲ್ಲ. ಯಾಕೆ ಅಂತ ಹುಡುಕಿದ ಹೋಚ್‌ಬಾಮ್, ರೋಸೆನ್‌ಸ್ಟಾಕ್ ಮುಂತಾದವರು ಕಟ್ಟಿದ್ದೇ 'ಆರೋಗ್ಯ ನಂಬಿಕೆ ಮಾದರಿ'. ಅಪಾಯ ನನಗೂ ಬರಬಹುದಾ? ಬಂದರೆ ಎಷ್ಟು ಗಂಭೀರ? ಬದಲಾದರೆ ಲಾಭವೇನು, ಅಡ್ಡಿಯೇನು? ಎಚ್ಚರಿಸುವುದು ಯಾವುದು? 'ನನ್ನ ಕೈಲಾಗುತ್ತಾ?' ಅನ್ನೋದು ಆಮೇಲೆ, 1988ರಲ್ಲಿ ಸೇರಿದ್ದು.

ನನಗೇ ಕೇಳಿಕೊಂಡೆ. ಮೊದಲೆರಡಕ್ಕೆ ಆ ಮಣ್ಣೇ ಉತ್ತರ. ಸಿಕ್ಕಿಬಿದ್ದದ್ದು ಅಡ್ಡಿಯಲ್ಲಿ. ಬಳ್ಳಾರಿಯ ಸೆಕೆ, ಮೊಬೈಲು ಅಂತ ಬರೆದೆ, ಹೊಡೆದುಹಾಕಿದೆ. ನಿಜ ಬೇರೆಯೇ ಇತ್ತು: ದಿನವೆಲ್ಲ ಆಫೀಸಿನದು, ರಾತ್ರಿ ಹನ್ನೊಂದರ ನಂತರವಷ್ಟೇ ನನ್ನದು. ಅದನ್ನೂ ನಿದ್ದೆಗೆ ಕೊಡೋಕೆ ಮನಸ್ಸಿರಲಿಲ್ಲ.

ಹಾಗಾಗಿ ಸಂಜೆಯೇ ಅರ್ಧ ಗಂಟೆ ನನಗೆ ಅಂತ ಎತ್ತಿಟ್ಟೆ. ಹತ್ತೂವರೆಗೆ ಸಿರುಗುಪ್ಪದಿಂದ ಅಮ್ಮನ ಫೋನು ಬರುತ್ತೆ, ಅದೇ ನನ್ನ ಗಂಟೆ. ಮಾತು ಮುಗಿದರೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ.

ವಾರಕ್ಕೆ ನಾಲ್ಕು ರಾತ್ರಿ ಗೆಲ್ಲುತ್ತೇನೆ. ಸೋತ ಮರುದಿನ ಬೈಕ್ ಮುಟ್ಟಲ್ಲ, ಬಸ್ಸು ಹತ್ತುತ್ತೇನೆ.