ಎರಡು ರೋಡ್‌ಸ್ಟರ್‌ಗಳು

ಹೋಂಡಾ ಎಸ್2000 ಮತ್ತು ಮಾಜ್ದಾ ಎಂಎಕ್ಸ್-5, ಎರಡೂ ಜಪಾನಿನ, ಎರಡೇ ಆಸನಗಳ, ಛಾವಣಿ ಮಡಚಬಲ್ಲ ರೋಡ್‌ಸ್ಟರ್‌ಗಳು. ಯಾವುದು ಮೇಲೆಂದು ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ.

1999ರಲ್ಲಿ ಬಂದ ಹೋಂಡಾದ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ ಸುಮಾರು 240 ಅಶ್ವಶಕ್ತಿ ನೀಡುತ್ತಿತ್ತು. ಆದರೆ ಆ ಬಲ ಪೂರ್ಣವಾಗಿ ದೊರೆಯುತ್ತಿದ್ದುದು ನಿಮಿಷಕ್ಕೆ 8,300 ಸುತ್ತು ತಿರುಗಿದಾಗ. ಸುಮಾರು 6,000 ಸುತ್ತು ದಾಟಿದ ಮೇಲೆ ಕವಾಟಗಳು ಹೆಚ್ಚು ಅಗಲವಾಗಿ ತೆರೆಯುತ್ತಿದ್ದವು. ಅಲ್ಲಿಯವರೆಗೆ ಅದೊಂದು ಸಾಧು ಯಂತ್ರ. 1989ರ ಮಾಜ್ದಾದ 1.6 ಲೀಟರ್ ಎಂಜಿನ್ನಿಗೆ ಅದರ ಅರ್ಧದಷ್ಟು ಬಲ. ಆದರೆ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ. ಹೋಂಡಾದ್ದು ಸುಮಾರು ಒಂದೂಕಾಲು ಟನ್.

ತೂಕವನ್ನು ಲೆಕ್ಕಕ್ಕೆ ಹಿಡಿದರೂ ಅಂಕಿಗಳಲ್ಲಿ ಹೋಂಡಾವೇ ಪ್ರಥಮ. ಆದರೂ ನನ್ನ ಮತ ಮಾಜ್ದಾಕ್ಕೆ. ಶಿಖರದ ಶಕ್ತಿ ಬೇಕಾಗುವ ಗಳಿಗೆ ರಸ್ತೆಯಲ್ಲಿ ಅಪರೂಪ. ತಿರುವಿನಲ್ಲಿ ಹಗುರಾಗಿ ಹೊರಳುವ ಗುಣ ದಿನವೂ ಬೇಕು. ಎಸ್2000ರ ತಯಾರಿಕೆ 2009ರಲ್ಲಿ ನಿಂತಿತು. ಎಂಎಕ್ಸ್-5ರ ಸಂಖ್ಯೆ 2016ರಲ್ಲಿ ಹತ್ತು ಲಕ್ಷ ಮುಟ್ಟಿತು.

ಅಂಕಪಟ್ಟಿಗಳನ್ನು ಬರೆದೇ ವೃತ್ತಿಜೀವನ ಸವೆಸಿದವನು ನಾನು. ಗರಿಷ್ಠವನ್ನು ಅಳೆಯುವುದು ಸುಲಭ. ನಿತ್ಯದ ನಡೆಗೆ ಅದರಲ್ಲಿ ಅಂಕಣವೇ ಇರಲಿಲ್ಲ. ಕಡಿಮೆ ಅಂಕ ಪಡೆದೂ ದೊಡ್ಡ ಸಂಸಾರಗಳನ್ನು ಸದ್ದಿಲ್ಲದೆ ದಡ ಮುಟ್ಟಿಸಿದವರು ನಿಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ನಾನು ಬಲ್ಲೆ.